ಚುಕ್ಕೆ ಮಾಯವಾದರೆ ರೋಗ ಹೋದಂತಲ್ಲ

ಓದುಗರ ಪ್ರಶ್ನೆ, ನಮ್ಮ ಉತ್ತರ: ಉಪ್ಪುನೀರಿನ ಅಕ್ವೇರಿಯಂ

ಹವಳದ ತೊಟ್ಟಿ ಇಟ್ಟುಕೊಂಡವರು ಈ ಸಲ ಬರೆದಿರುವುದೆಲ್ಲ ಮೀನಿಗೆ ಹತ್ತುವ ಪರಾವಲಂಬಿಗಳ ಬಗ್ಗೆಯೇ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಮಾಡಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಟ್ಯಾಂಗ್ ಮೀನಿನ ಮೈಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ ಎದ್ದಿದ್ದವು. ಆಹಾರಕ್ಕೆ ಬೆಳ್ಳುಳ್ಳಿ ರಸ ಸೇರಿಸಿ ಕೊಟ್ಟೆ. ಐದನೇ ದಿನಕ್ಕೆ ಒಂದೂ ಇರಲಿಲ್ಲ. ಮೀನು ಚೆನ್ನಾಗಿ ತಿನ್ನುತ್ತಿದೆ. ಇನ್ನೇನಾದರೂ ಮಾಡಬೇಕೆ?

ಮಾಡಬೇಕು, ಅದೂ ತಡಮಾಡದೆ. ಚುಕ್ಕೆ ಹೋದದ್ದು ಬೆಳ್ಳುಳ್ಳಿಯಿಂದಲ್ಲ. ಹೋಗುವ ಹೊತ್ತು ಬಂದಿತ್ತು, ಹೋದವು. ಇದು ಕ್ರಿಪ್ಟೊಕ್ಯಾರಿಯಾನ್ ಇರಿಟನ್ಸ್ ಎಂಬ ಏಕಕೋಶ ಜೀವಿ, ಹವ್ಯಾಸಿಗಳು ಮರೀನ್ ಇಕ್ ಎನ್ನುವುದು ಇದನ್ನೇ. ಇದರ ಬದುಕಿನ ಹಂತಗಳಲ್ಲಿ ನಮ್ಮ ಕಣ್ಣಿಗೆ ಬೀಳುವುದು ಒಂದೇ ಒಂದು. ಉಳಿದದ್ದೆಲ್ಲ ನಮಗೆ ಕಾಣದಂತೆ ನಡೆಯುತ್ತದೆ.

ಚುಕ್ಕೆಯಾಗಿ ಕಾಣುವ ಜೀವಿ ಚರ್ಮದ ಮೇಲೆ ಕೂತಿರುವುದಿಲ್ಲ. ಮೇಲ್ಪದರದ ಅಡಿಗೆ ಹೊಕ್ಕು ಅಲ್ಲಿನ ಜೀವಕೋಶಗಳನ್ನು ತಿನ್ನುತ್ತ ಬೆಳೆಯುತ್ತದೆ. ಆದ್ದರಿಂದ ನೀರಿಗೆ ಹಾಕಿದ ಔಷಧ ಅದನ್ನು ಮುಟ್ಟುವುದಿಲ್ಲ. ಮೂರರಿಂದ ಏಳು ದಿನ ತಿಂದು ಬಲಿತ ಮೇಲೆ, ಸಾಮಾನ್ಯವಾಗಿ ಕತ್ತಲಲ್ಲಿ, ಮೀನಿನಿಂದ ಕಳಚಿ ಕೆಳಗೆ ಬೀಳುತ್ತದೆ. ಕೆಲವು ಗಂಟೆ ಮರಳು, ಕಲ್ಲು, ಗಾಜಿನ ಮೇಲೆ ತೆವಳಿ ಒಂದೆಡೆ ಅಂಟಿಕೊಂಡು ಸುತ್ತಲೂ ಗಟ್ಟಿ ಗೂಡು ಕಟ್ಟಿಕೊಳ್ಳುತ್ತದೆ. ಗೂಡಿನೊಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಇನ್ನೂರರ ಆಸುಪಾಸು ಮರಿಗಳಾಗುತ್ತವೆ. ಅವು ಹೊರಬರಲು ಸಾಮಾನ್ಯವಾಗಿ 3ರಿಂದ 28 ದಿನ ಹಿಡಿಯುತ್ತದೆ, ದಾಖಲಾಗಿರುವ ಅತಿ ದೀರ್ಘ ಅವಧಿ 72 ದಿನ. ಹೊರಬಿದ್ದ ಮರಿ ಈಜುತ್ತ ಮೀನು ಹುಡುಕುತ್ತದೆ. ಆರೆಂಟು ಗಂಟೆ ಕಳೆದರೆ ಅದರ ಕಸುವು ಕುಂದುತ್ತದೆ, ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತದೆ. ಔಷಧದ ಕೈಗೆ ಸಿಗುವುದು ಈ ಈಜುವ ಮರಿ ಮಾತ್ರ.

ಹಾಗಾಗಿ ನಿಮ್ಮ ತೊಟ್ಟಿ ಈಗ ಬೂದಿ ಮುಚ್ಚಿದ ಕೆಂಡ. ಮುಂದಿನ ಸುತ್ತಿನ ಮರಿಗಳು ಮೊದಲು ಕಿವಿರುಗಳಿಗೇ ಹತ್ತಬಹುದು. ಆಗ ಮೈಮೇಲೆ ಚುಕ್ಕೆಯೇ ಕಾಣುವುದಿಲ್ಲ, ಮೀನು ಏದುಸಿರು ಬಿಡುವುದಷ್ಟೇ ಕಾಣುತ್ತದೆ. ಒಮ್ಮೆ ಹತ್ತಿ ಬದುಕಿದ ಮೀನಿಗೆ ಸ್ವಲ್ಪ ಪ್ರತಿರೋಧ ಬರುವುದು ನಿಜ. ಆದರೆ ಅಂಥ ಮೀನು ತಾನು ಚೆನ್ನಾಗಿದ್ದುಕೊಂಡೇ ಹೊಸ ಮೀನುಗಳಿಗೆ ರೋಗ ಹಂಚುತ್ತಿರುತ್ತದೆ.

ಆಗಬೇಕಾದ ಕೆಲಸ ಎರಡು. ಟ್ಯಾಂಗ್ ಒಂದನ್ನೇ ಅಲ್ಲ, ತೊಟ್ಟಿಯ ಎಲ್ಲ ಮೀನುಗಳನ್ನೂ ಬೇರೆ ಟ್ಯಾಂಕಿಗೆ ತೆಗೆದು ಔಷಧ, ಅಂದರೆ ತಾಮ್ರ, ಕೊಡಬೇಕು. ಹವಳದ ತೊಟ್ಟಿಯನ್ನು 76 ದಿನ ಮೀನಿಲ್ಲದೆ ಬಿಡಬೇಕು. ಹವಳದ ತೊಟ್ಟಿಗೇ ಹಾಕುವ ಔಷಧ ಇಲ್ಲವೇ ಎಂದು ಅನೇಕರು ಕೇಳಿದ್ದಾರೆ. ಈಜುವ ಮರಿಯನ್ನು ಖಚಿತವಾಗಿ ಕೊಲ್ಲುವಷ್ಟು ತಾಮ್ರ ಸೀಗಡಿ, ಶಂಖದ ಹುಳು, ಹವಳ ಯಾವುದನ್ನೂ ಉಳಿಸುವುದಿಲ್ಲ. ಇವಕ್ಕೇನೂ ಆಗದು ಎಂದು ಹೇಳಿಕೊಂಡು ಬರುವ ಬಾಟಲಿಗಳನ್ನು ನಂಬಿ ಎರಡು ವಾರ ಕಳೆಯಬೇಡಿ. ಆ ಎರಡು ವಾರದಲ್ಲಿ ಮೀನು ಹೋಗಿಬಿಡಬಹುದು.

ಪ್ರಶ್ನೆ: ಎರಡೇ ದಿನದಲ್ಲಿ ಮೂರು ಮೀನು ಸತ್ತವು. ಚುಕ್ಕೆ ಸರಿಯಾಗಿ ಕಾಣಲಿಲ್ಲ. ಉಳಿದ ಒಂದು ವೇವ್‌ಮೇಕರ್ (ನೀರಿಗೆ ಅಲೆ ಎಬ್ಬಿಸುವ ಪಂಪು) ಎದುರು ನಿಂತು ಬೇಗಬೇಗ ಉಸಿರಾಡುತ್ತಿದೆ, ದೀಪ ಹಾಕಿದರೆ ಮರೆಗೆ ಹೋಗುತ್ತದೆ. ನೀರಿನ ಪರೀಕ್ಷೆಗಳೆಲ್ಲ ಸರಿಯಾಗಿವೆ.

ಇದು ಬಹುಮಟ್ಟಿಗೆ ವೆಲ್ವೆಟ್, ಅಂದರೆ ಅಮೈಲೋಡಿನಿಯಂ ಒಸೆಲೇಟಮ್ ಎಂಬ ಇನ್ನೊಂದು ಏಕಕೋಶ ಪರಾವಲಂಬಿ. ತೊಟ್ಟಿಯ ದೀಪ ಆರಿಸಿ, ಟಾರ್ಚನ್ನು ಮೀನಿನ ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ. ಇಕ್ ಚುಕ್ಕೆಗಳನ್ನು ಎಣಿಸಬಹುದು. ವೆಲ್ವೆಟ್ ಎಣಿಸಲಾಗದಷ್ಟು ಸಣ್ಣ, ಹೊಂಬಣ್ಣದ ಧೂಳು ಕೂತಂತೆ ಕಾಣುತ್ತದೆ. ಅದು ಮೊದಲು ಕಿವಿರಿಗೆ ಹತ್ತುವುದರಿಂದ ಮೈಮೇಲೆ ಧೂಳು ಕಾಣುವ ಮೊದಲೇ ಮೀನು ಸಾಯುವುದುಂಟು. ಒಂದು ಗೂಡಿನಿಂದ 256ರವರೆಗೆ ಮರಿಗಳು ಬರುತ್ತವೆ, ಸುತ್ತು ಇಕ್‌ಗಿಂತ ಬಲು ಬೇಗ ಮುಗಿಯುತ್ತದೆ. ನಾಳೆ ನೋಡೋಣ ಎನ್ನುವ ರೋಗ ಇದಲ್ಲ.

ಇವತ್ತೇ ಆ ಮೀನಿಗೆ ಐದು ನಿಮಿಷದ ಸಿಹಿನೀರಿನ ಸ್ನಾನ ಕೊಟ್ಟು (ವಿಧಾನ ಮುಂದೆ ಹೇಳಿದ್ದೇವೆ) ನೇರವಾಗಿ ತಾಮ್ರದ ಟ್ಯಾಂಕಿಗೆ ಬಿಡಿ. ಸ್ನಾನದಿಂದ ಉಸಿರಾಟ ತುಸು ಹಗುರಾಗುತ್ತದೆಯೇ ಹೊರತು ರೋಗ ಹೋಗುವುದಿಲ್ಲ. ಮಾಮೂಲಿಯಾಗಿ ತಾಮ್ರವನ್ನು ಎರಡು ಮೂರು ದಿನದಲ್ಲಿ ಮೆಲ್ಲಗೆ ಏರಿಸುತ್ತೇವೆ, ವೆಲ್ವೆಟ್‌ಗೆ ಅಷ್ಟು ಬಿಡುವಿಲ್ಲ. ಅದೇ ದಿನ ಪೂರ್ತಿ ಮಟ್ಟಕ್ಕೆ ತನ್ನಿ. ಉಪ್ಪಿನಂಶ ಇಳಿಸುವ ಚಿಕಿತ್ಸೆ ಇದಕ್ಕೆ ನಾಟುವುದಿಲ್ಲ. ಟ್ಯಾಂಕ್ ಬದಲಿಸುತ್ತ ಹೋಗುವ ವಿಧಾನವೂ (ಇದನ್ನೂ ಮುಂದೆ ಹೇಳಿದ್ದೇವೆ) ಅಷ್ಟೇ. ಚಿಕಿತ್ಸೆಯ ಟ್ಯಾಂಕನ್ನು ಹವಳದ ತೊಟ್ಟಿಯಿಂದ ಕನಿಷ್ಠ ಮೂರು ಮೀಟರ್ ದೂರ ಇಡಿ, ಏರ್ ಸ್ಟೋನಿನ ಗುಳ್ಳೆ ಒಡೆದಾಗ ಹಾರುವ ತುಂತುರಿನಲ್ಲೂ ಈ ಮರಿಗಳು ಸಾಗಬಲ್ಲವು. ಬಲೆ, ಬಕೆಟ್, ಪೈಪು ಎರಡಕ್ಕೂ ಬೇರೆಬೇರೆ ಇರಲಿ.

ಪ್ರಶ್ನೆ: ಚಿಕಿತ್ಸೆಯ ಟ್ಯಾಂಕ್ ಮಾಡಿ ತಾಮ್ರ ಹಾಕಿದೆ. ಮೂರನೇ ದಿನ ಅಳೆದರೆ ತಾಮ್ರ ಅರ್ಧಕ್ಕೆ ಇಳಿದಿತ್ತು, ಅಮೋನಿಯಾ ಏರಿತ್ತು. ಮೀನಿಗೆ ಹಾಯಾಗಿರಲಿ ಎಂದು ಒಂದಿಷ್ಟು ಲೈವ್ ರಾಕ್ (ಸೂಕ್ಷ್ಮಜೀವಿಗಳು ನೆಲೆಸಿದ ಸಮುದ್ರದ ಕಲ್ಲು) ಮತ್ತು ಮರಳು ಹಾಕಿದ್ದೆ.

ತಾಮ್ರವನ್ನು ಎಳೆದುಕೊಂಡದ್ದು ಆ ಕಲ್ಲು ಮತ್ತು ಮರಳೇ. ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್. ಇವತ್ತು ಹೀರಿಕೊಂಡದ್ದನ್ನು ಇನ್ನೊಂದು ದಿನ ನೀರಿಗೆ ಬಿಡಲೂಬಹುದು, ಆಗ ಮಟ್ಟ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಎರಡನ್ನೂ ತೆಗೆಯಿರಿ. ತಾಮ್ರ ಕಂಡ ಕಲ್ಲನ್ನು ಮತ್ತೆ ಹವಳದ ತೊಟ್ಟಿಗೆ ಹಾಕಲೇಬೇಡಿ.

ಚಿಕಿತ್ಸೆಯ ಟ್ಯಾಂಕ್ ನೋಡಲು ಬೋಳಾಗಿಯೇ ಇರಬೇಕು. ಸಣ್ಣ ಮೀನುಗಳಿಗೆ 40ರಿಂದ 75 ಲೀಟರ್, ಟ್ಯಾಂಗ್‌ಗಳಿಗೆ ಅದಕ್ಕಿಂತ ದೊಡ್ಡದು. ತಳ ಬರಿಗಾಜು. ಅಡಗಿಕೊಳ್ಳಲು ಮೀನಿನ ಗಾತ್ರಕ್ಕೆ ಹೊಂದುವ ಪಿವಿಸಿ ಪೈಪಿನ ಮೊಣಕೈ ತುಂಡುಗಳು ಸಾಕು. ಹೀಟರ್, ಥರ್ಮಾಮೀಟರ್, ಏರ್ ಪಂಪು, ಸ್ಪಂಜ್ ಫಿಲ್ಟರ್, ಮೀನು ಹಾರದಂತೆ ಮುಚ್ಚಳ. ಆಕ್ಟಿವೇಟೆಡ್ ಕಾರ್ಬನ್ ಬೇಡ, ಅದು ಔಷಧವನ್ನು ಹೀರುತ್ತದೆ. ಯುವಿ (ಅತಿನೇರಳೆ) ದೀಪವೂ ಬೇಡ.

ಎಲ್ಲರೂ ಎಡವುವುದು ಸ್ಪಂಜಿನ ವಿಷಯದಲ್ಲಿ. ಹೊಸ ಸ್ಪಂಜಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇರುವುದಿಲ್ಲ. ತಾಮ್ರವಿರುವ ನೀರಿನಲ್ಲಿ ಅವು ಹೊಸದಾಗಿ ನೆಲೆಯೂರುವುದೂ ನಿಧಾನ. ಒಂದು ಸ್ಪಂಜನ್ನು ಯಾವಾಗಲೂ ರೋಗವಿಲ್ಲದ ತೊಟ್ಟಿಯ ಸಂಪಿನಲ್ಲಿ (ನೀರು ಶೋಧಿಸಲು ಜೋಡಿಸಿದ ಟ್ಯಾಂಕಿನಲ್ಲಿ) ಬಿಟ್ಟಿರಿ. ಮೂರ್ನಾಲ್ಕು ವಾರದಲ್ಲಿ ಹದಕ್ಕೆ ಬರುತ್ತದೆ, ಬೇಕಾದ ದಿನ ತೆಗೆದು ಬಳಸಬಹುದು. ಆ ಸ್ಪಂಜ್ ಇಲ್ಲದವರು ದಿನಕ್ಕೊಮ್ಮೆ ಅಮೋನಿಯಾ ನೋಡಿ, ಲೀಟರಿಗೆ 0.25 ಮಿಲಿಗ್ರಾಂ ಮುಟ್ಟುತ್ತಲೇ ಮೂರರಲ್ಲೊಂದು ಭಾಗ ನೀರು ಬದಲಿಸಬೇಕು. ಅಮೋನಿಯಾವನ್ನು ಕಟ್ಟಿಹಾಕುವ ದ್ರಾವಣಗಳನ್ನು ತಾಮ್ರವಿರುವ ನೀರಿಗೆ ಹಾಕಬೇಡಿ. ಅವುಗಳಲ್ಲಿ ಹಲವು ತಾಮ್ರವನ್ನು ಮೀನಿಗೆ ಇನ್ನಷ್ಟು ವಿಷವಾಗುವ ರೂಪಕ್ಕೆ ತಿರುಗಿಸುತ್ತವೆ. ಅಮೋನಿಯಾ ಇಳಿಸಲು ಹೋಗಿ ಒಂದೇ ರಾತ್ರಿಯಲ್ಲಿ ಎಲ್ಲ ಮೀನು ಕಳೆದುಕೊಳ್ಳುವುದು ಹೀಗೆಯೇ.

ಇನ್ನು ಪ್ರಮಾಣ. ನಿಮ್ಮ ಬಾಟಲಿಯಲ್ಲಿರುವುದು ಯಾವ ಬಗೆಯ ತಾಮ್ರ ಎಂದು ಮೊದಲು ಲೇಬಲ್ ಓದಿ. ಕೀಲೇಟೆಡ್ (ಇನ್ನೊಂದು ರಾಸಾಯನಿಕಕ್ಕೆ ಬೆಸೆದ) ತಾಮ್ರವಾದರೆ ಲೀಟರಿಗೆ 2.25ರಿಂದ 2.5 ಮಿಲಿಗ್ರಾಂ. ಬರಿಯ ತಾಮ್ರದ ಸಲ್ಫೇಟ್ ಆದರೆ 0.15ರಿಂದ 0.20 ಮಾತ್ರ. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಚ್ಚಿದರೆ ಮೀನು ಸಾಯುತ್ತದೆ, ಇಲ್ಲವೇ ರೋಗ ಉಳಿಯುತ್ತದೆ. ಪರೀಕ್ಷೆಯ ಕಿಟ್ ಕೂಡ ನಿಮ್ಮ ಬಗೆಯ ತಾಮ್ರವನ್ನು ಓದುವಂಥದ್ದೇ ಆಗಿರಬೇಕು. ಬಣ್ಣ ಹೋಲಿಸಿ ನೋಡುವ ಕಿಟ್‌ಗಿಂತ ಅಂಕಿ ತೋರಿಸುವ ಫೋಟೋಮೀಟರ್ ಎಷ್ಟೋ ವಾಸಿ. 2.0ಕ್ಕೂ 2.4ಕ್ಕೂ ಇರುವ ಬಣ್ಣದ ವ್ಯತ್ಯಾಸ ಬರಿಗಣ್ಣಿಗೆ ಸಿಗುವುದಿಲ್ಲ, ಚಿಕಿತ್ಸೆ ನಿಂತಿರುವುದೇ ಆ ಅಂತರದ ಮೇಲೆ.

ನೀರು ಬದಲಿಸುವಾಗ ಹೊಸ ನೀರಿಗೆ ಮೊದಲೇ ತಾಮ್ರ ಸೇರಿಸಿಯೇ ಸುರಿಯಿರಿ. ಟ್ಯಾಂಕ್ 2.4ರಲ್ಲಿದ್ದು 20 ಲೀಟರ್ ಬದಲಿಸುತ್ತೀರಿ ಎಂದರೆ ಆ 20 ಲೀಟರಿಗೆ 48 ಮಿಲಿಗ್ರಾಂ ತಾಮ್ರ ಬೇಕು. ಆವಿಯಾದ ನೀರಿನ ಬದಲಿಗೆ ಹಾಕುವ ಸಿಹಿನೀರಿಗೆ ಮಾತ್ರ ತಾಮ್ರ ಬೇಡ, ತಾಮ್ರ ಆವಿಯಾಗಿ ಹೋಗುವುದಿಲ್ಲ. ಪೂರ್ತಿ ಮಟ್ಟ ಮುಟ್ಟಿದ ದಿನದಿಂದ 30 ದಿನ ಎಣಿಸಿ. ನಡುವೆ ಒಂದು ದಿನ ಮಟ್ಟ ಕೆಳಗಿಳಿದರೂ ಎಣಿಕೆ ಮತ್ತೆ ಒಂದರಿಂದ. ಕಠಿಣ ಅನ್ನಿಸಬಹುದು, ಆದರೆ ಆ ಒಂದು ದಿನದಲ್ಲಿ ಗೂಡೊಡೆದು ಬಂದ ಮರಿಗಳಿಗೆ ಮೀನು ಸಿಕ್ಕಿರುತ್ತದೆ.

ಪ್ರಶ್ನೆ: ಕಲ್ಲು ತುಂಬಿದ ತೊಟ್ಟಿಯಿಂದ ಮೀನು ಹಿಡಿಯುವುದು ಹೇಗೆ?

ಬಲೆ ಹಿಡಿದು ಅಟ್ಟಿಸಿಕೊಂಡು ಹೋಗಬೇಡಿ. ಮೊದಲೇ ಸೊರಗಿದ ಮೀನಿಗೆ ಅದು ಹುಣ್ಣಿನ ಮೇಲೆ ಬರೆ. ಪಾರದರ್ಶಕ ಅಕ್ರಿಲಿಕ್ ಬೋನನ್ನು ಬಾಗಿಲು ತೆರೆದು ತೊಟ್ಟಿಯೊಳಗೆ ಇಟ್ಟು, ಎರಡು ಮೂರು ದಿನ ಅದರೊಳಗೇ ಆಹಾರ ಕೊಡಿ. ಹಸಿದ ಮೀನು ತಾನಾಗಿ ಒಳಗೆ ಬರುತ್ತದೆ. ಬರದೆ ಉಳಿದವನ್ನು ರಾತ್ರಿ ದೀಪ ಆರಿದ ಮೇಲೆ ಕೆಂಪು ಬೆಳಕಿನಲ್ಲಿ ಹುಡುಕಿ, ಎಷ್ಟೋ ಮೀನು ಒಂದೇ ಬಿಲದಲ್ಲಿ ಮಲಗುತ್ತವೆ. ಅದೂ ಆಗದಿದ್ದರೆ ನೀರನ್ನು ಶುದ್ಧ ಡ್ರಮ್ಮುಗಳಿಗೆ ತುಂಬಿಕೊಂಡು, ಕಲ್ಲುಗಳನ್ನು ಒಂದೊಂದಾಗಿ ತೆಗೆಯುವುದೇ ದಾರಿ. ವೆಲ್ವೆಟ್ ಆಗಿದ್ದರೆ ಬೋನಿಗೆ ಕಾಯದೆ ಮೊದಲೇ ಕಲ್ಲು ತೆಗೆಯಿರಿ.

ಪ್ರಶ್ನೆ: 76 ದಿನ ಮೀನಿಲ್ಲದಿದ್ದರೆ ಹವಳಕ್ಕೆ ತೊಂದರೆಯಿಲ್ಲವೆ? ಅಷ್ಟು ದಿನ ಏಕೆ?

ಗೂಡಿನ ಅತಿ ದೀರ್ಘ ಅವಧಿ 72 ದಿನ ಎಂದೆವಲ್ಲ, ಅದಕ್ಕೆ ಹೊರಬಂದ ಮರಿ ಹಸಿದು ಸಾಯುವ ಕೆಲವು ದಿನ ಸೇರಿಸಿದರೆ 76. ಎಣಿಕೆ ಶುರುವಾಗುವುದು ಕೊನೆಯ ಮೀನು ಹೊರಬಂದ ದಿನದಿಂದ. ಕಲ್ಲಿನ ಬಿರುಕಿನಲ್ಲಿ ಒಂದು ಪುಟ್ಟ ಗೋಬಿ ಮೀನು ಉಳಿದರೂ ಪರಾವಲಂಬಿಗೆ ಅಷ್ಟೇ ಸಾಕು, ಇಷ್ಟು ದಿನ ಕಾದದ್ದು ನೀರಲ್ಲಿ ಹೋಮ. ಚಿಕಿತ್ಸೆಯ ಟ್ಯಾಂಕಿನ ಒದ್ದೆ ಬಲೆಯನ್ನು ಮರೆತು ಈ ತೊಟ್ಟಿಯಲ್ಲಿ ಅದ್ದಿದರೂ ಮತ್ತೆ ಒಂದರಿಂದ.

ದೀಪ, ನೊರೆಯ ಮೂಲಕ ಕೊಳೆ ತೆಗೆಯುವ ಸ್ಕಿಮ್ಮರ್, ವೇವ್‌ಮೇಕರ್ ಎಲ್ಲ ಎಂದಿನಂತೆ ನಡೆಯಲಿ, ಉಷ್ಣತೆ 26ರಿಂದ 27 ಡಿಗ್ರಿ ಇರಲಿ. ಉಷ್ಣತೆ ಇಳಿದಷ್ಟೂ ಗೂಡು ಒಡೆಯುವುದು ತಡವಾಗುತ್ತದೆ. ಮೀನಿನ ತ್ಯಾಜ್ಯವಿಲ್ಲದೆ ನೈಟ್ರೇಟ್, ಫಾಸ್ಫೇಟ್ ಸೊನ್ನೆಗೆ ಇಳಿಯುವುದುಂಟು. ಹಾಗಾದರೆ ಹವಳ ಬಿಳಚುತ್ತದೆ, ಮರಳಿನ ಮೇಲೆ ಕಂದು ಲೋಳೆ ಹಬ್ಬುತ್ತದೆ. ವಾರಕ್ಕೊಮ್ಮೆ ಎರಡನ್ನೂ ಅಳೆದು, ದಿನ ಬಿಟ್ಟು ದಿನ ಚಿಟಿಕೆಯಷ್ಟು ಆಹಾರ ಹಾಕುತ್ತಿರಿ. ಸೀಗಡಿ, ಏಡಿಗಳಿಗೂ ಅದು ಬೇಕು. ಸೊನ್ನೆಗೆ ಇಳಿದಿದ್ದರೆ ಆಹಾರ ಸ್ವಲ್ಪ ಹೆಚ್ಚಿಸಿ.

ಪ್ರಶ್ನೆ: ಏಂಜೆಲ್ ಮೀನಿನ ಕಣ್ಣು ಮಬ್ಬಾಗಿದೆ. ತಲೆ ಅಲ್ಲಾಡಿಸುತ್ತದೆ, ಮೈಯನ್ನು ಕಲ್ಲಿಗೆ ಉಜ್ಜುತ್ತದೆ. ಚುಕ್ಕೆ ಒಂದೂ ಇಲ್ಲ. ತಾಮ್ರದಲ್ಲಿ 30 ದಿನ ಇಟ್ಟರೂ ಹೋಗಲಿಲ್ಲ.

ತಾಮ್ರಕ್ಕೆ ಹೋಗದ್ದೇ ಸುಳಿವು. ಇವು ಫ್ಲೂಕ್‌ಗಳು, ಅಂದರೆ ಚಪ್ಪಟೆ ಹುಳುಗಳು. ನಿಯೋಬೆನೆಡೇನಿಯಾ ಎಂಬ ಜಾತಿ ಹೆಚ್ಚು. ಮೀನಿನ ಮೈಮೇಲೆ ಇವು ಗಾಜಿನಂತೆ ಪಾರದರ್ಶಕ, ಎದುರಿಗೇ ಇದ್ದರೂ ಕಾಣವು. ಕಾಣಿಸಿಕೊಳ್ಳುವಂತೆ ಮಾಡಲು ಸಿಹಿನೀರಿನ ಸ್ನಾನವೇ ಉಪಾಯ.

ಕಪ್ಪು ತಳದ ಬಕೆಟಿಗೆ ಆರ್‌ಒ ಅಥವಾ ಕ್ಲೋರಿನ್ ತೆಗೆದ ಸಿಹಿನೀರು ಹಾಕಿ. ಉಷ್ಣತೆ ಟ್ಯಾಂಕಿನಷ್ಟೇ ಇರಬೇಕು, ಅರ್ಧ ಡಿಗ್ರಿಯ ವ್ಯತ್ಯಾಸವೂ ಬೇಡ. ಅಡುಗೆ ಸೋಡಾ ಚಿಟಿಕೆ ಚಿಟಿಕೆಯಾಗಿ ಕರಗಿಸಿ ಪಿಎಚ್ ಅನ್ನು ಟ್ಯಾಂಕಿನ ಪಿಎಚ್‌ಗೆ ಸರಿದೂಗಿಸಿ. ಏರ್ ಸ್ಟೋನ್ ಹಾಕಿ ಒಂದು ಗಂಟೆ ಗಾಳಿಯಾಡಿಸಿ, ಆಮೇಲೆ ಮೀನನ್ನು ಬಿಡಿ. ಐದು ನಿಮಿಷ. ಒಳಗೆ ಬಿದ್ದ ಮೀನು ಒಮ್ಮೆ ಜೋರಾಗಿ ಒದ್ದಾಡಿ, ಆಮೇಲೆ ಮಗ್ಗುಲಾಗಿ ತಳದಲ್ಲಿ ಮಲಗಿಬಿಡಬಹುದು. ಗಾಬರಿಯಾಗಬೇಡಿ, ಕಿವಿರು ಆಡುತ್ತಿದ್ದರೆ ಸರಿ. ಉಸಿರು ನಿಲ್ಲುವಂತೆ ಕಂಡರೆ ಮಾತ್ರ ತಕ್ಷಣ ಎತ್ತಿ ಉಪ್ಪುನೀರಿಗೆ ಬಿಡಿ. ಎರಡು ಮೂರು ನಿಮಿಷಕ್ಕೆ ಫ್ಲೂಕ್‌ಗಳು ಸತ್ತು ಬೆಳ್ಳಗಾಗಿ ಉದುರತೊಡಗುತ್ತವೆ. ಕಪ್ಪು ತಳದ ಮೇಲೆ ಬಿಳಿ ಎಳ್ಳು ಚೆಲ್ಲಿದಂತೆ ಕಂಡರೆ ರೋಗ ಯಾವುದೆಂದು ತೀರ್ಮಾನವಾಯಿತು. ಕಿವಿರಿನೊಳಗಿನವು ತೀರ ಸಣ್ಣವು, ಹಾಗಾಗಿ ಏನೂ ಉದುರದಿದ್ದರೆ ಫ್ಲೂಕ್ ಇಲ್ಲವೆಂದು ಹೇಳಲಾಗದು.

ಔಷಧ ಪ್ರಾಜಿಕ್ವಾಂಟೆಲ್, ಲೀಟರಿಗೆ 2.5 ಮಿಲಿಗ್ರಾಂ. ಟ್ಯಾಂಕಿನಲ್ಲಿರುವ ನಿಜವಾದ ನೀರು 60 ಲೀಟರ್ ಆದರೆ 150 ಮಿಲಿಗ್ರಾಂ. ಪುಡಿ ನೀರಿನಲ್ಲಿ ಸುಲಭವಾಗಿ ಕರಗದು. ಸಣ್ಣ ಡಬ್ಬಿಯಲ್ಲಿ ಟ್ಯಾಂಕಿನದೇ ನೀರು ಹಾಕಿ ಚೆನ್ನಾಗಿ ಕುಲುಕಿ, ತಳದಲ್ಲಿ ಉಳಿದದ್ದಕ್ಕೆ ಮತ್ತೆ ನೀರು ಹಾಕಿ ಕುಲುಕಿ ಸುರಿಯಿರಿ. ಔಷಧ ಹಾಕಿದ ಮೇಲೆ ನೀರಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿ ಆಮ್ಲಜನಕ ಕುಸಿಯುತ್ತದೆ, ಆದ್ದರಿಂದ ಏರ್ ಸ್ಟೋನ್ ನಿಲ್ಲಿಸಕೂಡದು. ಒಂದೆರಡು ದಿನ ಮೀನು ತಿನ್ನದೆ ಇರುವುದು ಸಹಜ. ಈ ಔಷಧ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ನೂಲಿನಂಥ ಬಾಲದಿಂದ ಎಲ್ಲೆಂದರಲ್ಲಿ ಸಿಕ್ಕಿಕೊಂಡ ಮೊಟ್ಟೆಗಳು ಒಡೆದು ಮರಿ ಬಂದ ಮೇಲೆ, ಆ ಮರಿ ಮತ್ತೆ ಮೊಟ್ಟೆ ಇಡುವ ಮೊದಲು, ಅಂದರೆ 5ರಿಂದ 7ನೇ ದಿನದೊಳಗೆ ನೀರು ಬದಲಿಸಿ ಎರಡನೇ ಸಲ ಹಾಕಬೇಕು. ಒಂದೇ ಸಲ ಹಾಕಿ ಸುಮ್ಮನಾದವರಿಗೆ ಮೂರು ವಾರಕ್ಕೆ ಅದೇ ಕಾಟ ಮರಳುತ್ತದೆ.

ಪ್ರಶ್ನೆ: ಹೊಸ ಕ್ಲೌನ್ ಮೀನಿನ ಮೈಯಿಂದ ಬಿಳಿ ಲೋಳೆ ಪದರ ಪದರವಾಗಿ ಕಳಚುತ್ತಿದೆ.

ಇದು ಬ್ರೂಕ್ಲಿನೆಲ್ಲಾ ಎಂಬ ಏಕಕೋಶ ಪರಾವಲಂಬಿ. ಇದಕ್ಕೆ ಗೂಡಿನ ಹಂತವೇ ಇಲ್ಲ, ಮೀನಿನ ಮೈಮೇಲೇ ಇಬ್ಭಾಗವಾಗುತ್ತ ಹೆಚ್ಚುತ್ತದೆ. ತಾಮ್ರಕ್ಕೆ ಬಗ್ಗುವುದಿಲ್ಲ. ಬೇಕಾದದ್ದು ಫಾರ್ಮಲಿನ್ ಸ್ನಾನ: ಬೇರೆ ಬಕೆಟಿನಲ್ಲಿ 10 ಲೀಟರ್ ಉಪ್ಪುನೀರಿಗೆ ಶೇಕಡಾ 37ರ ಫಾರ್ಮಲಿನ್ 1.5 ಮಿಲಿಲೀಟರ್, ಜೋರಾಗಿ ಗಾಳಿಯಾಡಿಸುತ್ತ 30ರಿಂದ 45 ನಿಮಿಷ. ಮೀನು ತೂಕಡಿಸಿದಂತಾದರೆ ಮೊದಲೇ ತೆಗೆಯಿರಿ. ಸ್ನಾನ ಮುಗಿದ ಮೀನು ಹಳೆಯ ಟ್ಯಾಂಕಿಗೆ ಹೋಗಬಾರದು, ಶುದ್ಧವಾದ ಬೇರೆ ಟ್ಯಾಂಕಿಗೇ ಹೋಗಬೇಕು. ಬಾಟಲಿಯ ತಳದಲ್ಲಿ ಬಿಳಿ ಗಷ್ಟು ಕಂಡರೆ ಆ ಬಾಟಲಿ ಬಳಸಬೇಡಿ, ಆ ಗಷ್ಟು ಮೀನಿಗೆ ಕಡುವಿಷ. ನಿಮಗೂ ಫಾರ್ಮಲಿನ್ ಅಪಾಯ, ಅದು ಕ್ಯಾನ್ಸರ್ ತರಬಲ್ಲ ರಾಸಾಯನಿಕ. ಕೈಗವಸು, ಕನ್ನಡಕ ಹಾಕಿಕೊಂಡು ಬಯಲಿನಲ್ಲೇ ಕೆಲಸ ಮಾಡಿ. ಫಾರ್ಮಲಿನ್ ತರಿಸುವಷ್ಟು ಸಮಯವಿಲ್ಲ ಎನ್ನುವವರು ಸಿಹಿನೀರಿನ ಸ್ನಾನ ಕೊಟ್ಟು, ಶುದ್ಧ ಟ್ಯಾಂಕಿನಲ್ಲಿ 40 ಲೀಟರಿಗೆ 250 ಮಿಲಿಗ್ರಾಂ ಮೆಟ್ರೊನಿಡಜೋಲ್ ಅನ್ನು ದಿನ ಬಿಟ್ಟು ದಿನ ಹತ್ತು ದಿನ ಹಾಕಿ ನೋಡಬಹುದು.

ಪ್ರಶ್ನೆ: ಮ್ಯಾಂಡರಿನ್ ಮೀನಿಗೆ ತಾಮ್ರ ಆಗದು ಎನ್ನುತ್ತಾರೆ. ತೊಟ್ಟಿಗೆ ಇಕ್ ಬಂದಿದೆ. ಅದರ ಮೈಗೆ ದಪ್ಪ ಲೋಳೆ ಇದೆಯಲ್ಲ, ಅಲ್ಲೇ ಬಿಟ್ಟರಾಗದೆ?

ಲೋಳೆ ದಪ್ಪವಿರುವುದರಿಂದ ಅದಕ್ಕೆ ಇಕ್ ಹತ್ತುವುದು ಕಡಿಮೆ, ಹತ್ತುವುದೇ ಇಲ್ಲ ಎಂದಲ್ಲ. ಬಿಟ್ಟರೆ 76 ದಿನದ ಲೆಕ್ಕವೇ ನಿಲ್ಲದು. ಅದಕ್ಕೆ ಟ್ಯಾಂಕ್ ಬದಲಿಸುವ ವಿಧಾನ ಒಳ್ಳೆಯದು. 40 ಲೀಟರಿನ ಎರಡು ಡಬ್ಬಿ, ಎರಡು ಹೀಟರ್, ಎರಡು ಏರ್ ಸ್ಟೋನ್ ಸಾಕು. ಮೊದಲ ದಿನ ಒಂದಕ್ಕೆ ಬಿಡಿ. 4, 7, 10, 13ನೇ ದಿನಗಳಂದು, ಪ್ರತಿ ಸಲವೂ 72 ಗಂಟೆ ಮೀರದಂತೆ, ಹೊಸ ನೀರಿರುವ ಇನ್ನೊಂದಕ್ಕೆ ಸಾಗಿಸಿ. ಮೀನಿನಿಂದ ಬಿದ್ದ ಪರಾವಲಂಬಿ ಗೂಡು ಕಟ್ಟಿ ಮರಿ ಬಿಡುವಷ್ಟರಲ್ಲಿ ಮೀನು ಅಲ್ಲಿರುವುದಿಲ್ಲ. ಜೊತೆಗೆ ಹೋಗುವ ನೀರು ಆದಷ್ಟು ಕಡಿಮೆ ಇರಲಿ. ಖಾಲಿ ಮಾಡಿದ ಡಬ್ಬಿ, ಹೀಟರ್, ಪೈಪು, ಬಲೆ ಎಲ್ಲ ತೊಳೆದು ಒಂದು ಪೂರ್ತಿ ದಿನ ಒಣಗಲಿ. ಕೈಗೆ ತೇವ ತಾಕುವಂತಿದ್ದರೆ ಒಣಗಿಲ್ಲ ಎಂದೇ ಅರ್ಥ. ಇಲ್ಲಿ ತಾಮ್ರವಿಲ್ಲದ್ದರಿಂದ ಅಮೋನಿಯಾ ಕಟ್ಟುವ ದ್ರಾವಣ ಬಳಸಬಹುದು. ನಿಜವಾದ ಕಷ್ಟ ಊಟದ್ದು. ಮ್ಯಾಂಡರಿನ್ ದಿನವಿಡೀ ಕೊಪೆಪಾಡ್ (ಸೀಗಡಿಯ ಬಳಗದ ಅತಿ ಸಣ್ಣ ಜೀವಿ) ಹೆಕ್ಕುವ ಮೀನು, ದಿನಕ್ಕೆ ಮೂರು ನಾಲ್ಕು ಸಲ ಜೀವಂತ ಕೊಪೆಪಾಡ್ ಅಥವಾ ಮೊಟ್ಟೆಯಿಂದ ಆಗತಾನೆ ಒಡೆದ ಬ್ರೈನ್ ಶ್ರಿಂಪ್ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮರಿಗಳನ್ನು ಕೊಡಲು ಸಾಧ್ಯವಿದ್ದರೆ ಮಾತ್ರ ಕೈಹಾಕಿ.

ಪ್ರಶ್ನೆ: ಯುವಿ ದೀಪ, ಕ್ಲೀನರ್ ಸೀಗಡಿ ಇದ್ದರೆ ಇಷ್ಟೆಲ್ಲ ಬೇಕೆ?

ಬೇಕು. ಯುವಿ ತನ್ನ ಮೂಲಕ ಹರಿದ ನೀರಿನಲ್ಲಿರುವ ಮರಿಗಳನ್ನಷ್ಟೇ ಕೊಲ್ಲುತ್ತದೆ. ಮೀನು ಮಲಗುವ ಬಿಲದಲ್ಲೇ ಗೂಡೊಡೆದ ಮರಿ ಯುವಿ ಕಡೆ ಸುಳಿಯುವುದೂ ಇಲ್ಲ. ಕ್ಲೀನರ್ ಸೀಗಡಿ ಚರ್ಮದಡಿಯ ಜೀವಿಯನ್ನು ಕಿತ್ತು ತಿನ್ನಲಾರದು.

ಪ್ರಶ್ನೆ: ಹೊಸ ಮೀನೇನೂ ತಂದಿರಲಿಲ್ಲ, ಒಂದು ಹವಳ ಮತ್ತು ನಾಲ್ಕು ಶಂಖದ ಹುಳು ತಂದೆ. ಮೂರನೇ ವಾರಕ್ಕೆ ಇಕ್ ಬಂತು. ಸಾಧ್ಯವೆ?

ಸಾಧ್ಯ. ಗೂಡಿಗೆ ಬೇಕಾದದ್ದು ಗಟ್ಟಿಯಾದ ಒಂದು ಮೇಲ್ಮೈ ಮಾತ್ರ. ಮೀನಿರುವ ನೀರಿನಲ್ಲಿ ಇದ್ದು ಬಂದ ಶಂಖದ ಚಿಪ್ಪು, ಹವಳ ಅಂಟಿಸಿದ ಬಿಲ್ಲೆ, ಹವಳದ ಬುಡದ ಸತ್ತ ಭಾಗ, ಜೊತೆಗೆ ಬಂದ ಕಲ್ಲು, ಎಲ್ಲವೂ ಆಗುತ್ತವೆ. ಹವಳವನ್ನು ಅದ್ದಿ ತೆಗೆಯುವ ದ್ರಾವಣಗಳು ಗೂಡಿನ ಗೋಡೆಯನ್ನು ಭೇದಿಸವು. ಬಿಲ್ಲೆಯನ್ನು ಕತ್ತರಿಸಿ ಎಸೆದು, ಹವಳವನ್ನು ಹೊಸ ಒಣ ಬಿಲ್ಲೆಗೆ ಅಂಟಿಸಿದರೆ ಅಪಾಯ ಕಡಿಮೆಯಾಗುತ್ತದೆ. ಪೂರ್ತಿ ಹೋಗಬೇಕೆಂದರೆ ಮೀನಿಲ್ಲದ ಸಣ್ಣ ಟ್ಯಾಂಕಿನಲ್ಲಿ, ತಕ್ಕ ಬೆಳಕು ಕೊಟ್ಟು, ಅವನ್ನೂ 76 ದಿನ ಇಟ್ಟು ತೊಟ್ಟಿಗೆ ಬಿಡಿ. ಆ ಅವಧಿಯಲ್ಲಿ ಇನ್ನೊಂದು ಹವಳ ಅದೇ ಟ್ಯಾಂಕಿಗೆ ಬಂದರೆ ಎಲ್ಲಕ್ಕೂ ಎಣಿಕೆ ಆ ದಿನದಿಂದಲೇ. ಚೀಲದ ನೀರನ್ನು ಮಾತ್ರ ಯಾವ ಟ್ಯಾಂಕಿಗೂ ಸುರಿಯಬೇಡಿ.